ಅನ್ನದ ತಾಟು ನನ್ನದಿತ್ತು

ಜಮಖಂಡಿ
೧೨ ಜೂನ್ ೨೦೨೪

ಬಾಳಿ,

ಪೋಸ್ಟಿನೊಳಗ ನೀಲಿ ಇನ್‌ಲ್ಯಾಂಡ್ ಲೆಟರ್ ಕೇಳಿದೆ. ಖಿಡಕಿ ಹಿಂದ ಕೂತ ಹುಡುಗಿ ನನ್ನ ಮಾರಿ ಒಮ್ಮೆ ನೋಡಿದಳು, ಎದ್ದು ಒಳಗ ಹೋದಳು, ಎಲ್ಲಿಂದಲೋ ಹುಡುಕಿ ಧೂಳಾ ಝಾಡಿಸಿ ತಂದು ಕೊಟ್ಟಳು. "ಯಾರಿಗ್ರಿ ಅಜ್ಜಿ? ಅವರ ಹತ್ರ ಫೋನ್ ಇಲ್ಲೇನ್ರಿ?" ಅಂದಳು. ಅವರ ಹತ್ರ ಫೋನ್ ಅದವಾ, ನನ್ನ ಹತ್ರ ಕಿವಿ ಇಲ್ಲಾ ಅಂದೆ. ಪಾಪ, ನಗಬೇಕೋ ಬ್ಯಾಡೋ ಆಕಿಗೆ ತಿಳೀಲಿಲ್ಲ. ಮಾರಿ ನೋಡಿ ಮಾತಾಡಿದರ ನನಗ ಅಷ್ಟಿಷ್ಟು ತಿಳೀತದ. ಫೋನಿಗೆ ಮಾರಿ ಎಲ್ಲಿಂದ ತರಲಿ?

ಹೋದ ವಾರ ನೀ ಫೋನ್ ಮಾಡಿದ್ದಿ. ನಾ ಸ್ಪೀಕರ್ ಹಚ್ಚಿಕೊಂಡು ಹೂಂ, ಹೌದು, ಛಲೋ ಆತು ಅನಕೋತ ಕೂತೆ. ನೀ ಇಟ್ಟ ಮ್ಯಾಲೆ ನಮ್ಮವರು ನನ್ನ ಕಡೆ ನೋಡಿದ ನೋಟ ಏನು ಹೇಳಲಿ. ನೀ ನಿನ್ನ ಮೈದುನ ತೀರಿಕೊಂಡ ಸುದ್ದಿ ಹೇಳಲಿಕ್ಕತ್ತಿದ್ದಿ ಅಂತ. ನಾ ಛಲೋ ಆತು ಅಂದೆ! ಅವತ್ತಿಂದ ನನಗ ಊಟ ಸೇರವಲ್ದು. ತಪ್ಪು ತಿಳಕೋಬ್ಯಾಡ. ಇನ್ನ ಮ್ಯಾಲೆ ನೀ ಏನ ಹೇಳೂದಿದ್ದರೂ ಕಾಗದಾ ಬರಿ.

ಮುದುಕಿ ಆದೆ ಅಂತ ಯಾರೂ ಡಂಗುರಾ ಸಾರಿ ಹೇಳೂದಿಲ್ಲ ನೋಡು. ಸಣ್ಣ ಸಣ್ಣ ಮಾತಿನೊಳಗ ಗೊತ್ತಾಗ್ತದ. ಮೊನ್ನೆ ಮುಧೋಳ ಬಸ್ಸಿನೊಳಗ ಒಬ್ಬಾಕಿ ಕಾಲೇಜ ಹುಡುಗಿ ಎದ್ದು ಜಾಗಾ ಬಿಟ್ಟಳು. ಯಾರಿಗೆ ಬಿಟ್ಟಳಪಾ ಅಂತ ನಾ ಹಿಂದ ಹೊಳ್ಳಿ ನೋಡಿದೆ. ನನ್ನ ಹಿಂದ ಯಾರೂ ಇರಲಿಲ್ಲ. ಆಟೋದವಗ ಥೇಟರ್ ಹತ್ರ ಇಳಸಪಾ ಅಂದರ ಯಾವ ಥೇಟರ್ ರೀ ಅಂತಾನ. ಅದು ಮುಚ್ಚಿ ಅಲ್ಲೆ ಅಂಗಡಿ ಸಾಲು ಆಗಿ ಅವನ ವಯಸ್ಸಿನಷ್ಟು ವರ್ಷ ಆಗಿರಬೇಕು. ನನ್ನ ಬಾಯೊಳಗ ಇನ್ನೂ ಅದು ಥೇಟರ್. ಎದ್ದು ನಿಲ್ಲೂ ಮುಂದ "ಆಯೀ ಗ!" ಅಂತ ಧ್ವನಿ ಬರ್ತದ. ಥೇಟ್ ನಮ್ಮ ಆಯಿಯ ಧ್ವನಿ. ಮೊದಲನೇ ಸಲ ಬಂದಾಗ ನಾನ ಅಂಜಿದೆ.

ಕಿವಿ ಮಶೀನ ನಮ್ಮವರು ತಂದು ಕೊಟ್ಟು ವರ್ಷಾತು. ಕಪಾಟಿನೊಳಗ ಅದ. ಹಾಕಿದರ ಪಾತ್ರೆ ಇಟ್ಟ ಸಪ್ಪಳಾನೂ ಗುಡುಗು ಹೊಡದಂಗ ಆಗ್ತದ, ನನಗ ಬ್ಯಾಡ ಅದು.

ನಿಂದೇನು? ನೀ ನನ್ನಕಿಂತ ಎರಡು ತಿಂಗಳಾ ದೊಡ್ಡಾಕಿ. ಮರೀಬ್ಯಾಡ.

ನಿನ್ನ ಕಿವುಡಿ,
ಅಲಕಾ

*

ತೇರದಾಳ
೨೬ ಜೂನ್ ೨೦೨೪

ಅಲಕಾಗ ಬಾಳವ್ವನ ಜಯ ಜಿನೇಂದ್ರ.

ಪೋಸ್ಟಿನ ಪರಸಪ್ಪ ನಿನ್ನ ಕಾಗದ ಮ್ಯಾಲೆತ್ತಿ ಹಿಡಕೊಂಡು ಓಣಿ ತುಂಬ ತೋರಿಸ್ಕೋತ ಬಂದ. ಬ್ಯಾಂಕಿನ ನೋಟೀಸ ಬಿಟ್ಟರ ಅಂವ ಬ್ಯಾರೆ ಏನೂ ತರಂಗಿಲ್ಲ ಈಗ. ಮೈದುನನ ಮಾತಿಗೆ ಮನಸಿಗೆ ಹಚ್ಕೋಬ್ಯಾಡ ಬೇ. ಹಾಸಗಿ ಹಿಡದು ಭಾಳ ಒದ್ದಾಡಿದ, ಬಿಡುಗಡೆ ಆತು. ಆ ಲೆಕ್ಕಕ್ಕ ನೀ ಅಂದದ್ದು ಬರೋಬ್ಬರಿನ ಆತು.

ನಂದೂ ಕೇಳು. ಮೊಮ್ಮಗಳು ನೇಹಾನ್ನ ಕರಿಯೂ ಮುಂದ ಮೊದಲ ನನ್ನ ತಂಗಿ ಹೆಸರ ಬರ್ತೈತಿ, ಆಮ್ಯಾಲೆ ಮಗಳದು, ಆಮ್ಯಾಲೆ ಸೊಸಿ ಯಶೋಧರಾಂದು. ನೇಹಾ ಬರೂತನಕಾ ಆಕಿ ಓಡಿ ಹೋಗಿರ್ತಾಳ. ರಬಕವಿಗೆ ಸೀರಿ ತರಾಕ ಹೋದ್ರ ಅಂಗಡಿಯವ ನಾ ಬಾಯಿ ತಗಿಯೂದರಾಗ ಮಣ್ಣ ಬಣ್ಣದ್ದು, ಬೂದಿ ಬಣ್ಣದ್ದು ತಗದು ಹಾಸ್ತಾನ. ಕೆಂಪು ತೋರಸಪಾ ಅಂದ್ರ "ಸೊಸಿಗೇನ್ರಿ?" ಅಂತಾನ. ಹೂಂ, ಸೊಸಿಗೆ ಅಂದು ತಂದೆ. ಟ್ರಂಕಿನ್ಯಾಗ ಇಟ್ಟೇನಿ. ನಂದ ಅದು.

ಇನ್ನೊಂದ ಮಾತು ನಿನಗಷ್ಟೆ ಬರೀತೇನಿ. ನಮ್ಮ ಜೈನ ಬಸ್ತಿಯೊಳಗ ಕಣ್ಣಿನ ತಪಾಸಣಿ ಇತ್ತು, ಹೋಗಿದ್ದೆ. ಎರಡೂ ಕಣ್ಣಾಗ ಮೋತಿಬಿಂದು ಬಂದೈತಿ, ಪೊರಿ ಕಟ್ಟೇತಿ, ಆಪರೇಶನ್ ಮಾಡಸ್ರಿ ಅಂದ್ರು. ಒಂದ ಕಣ್ಣು ಆಗಿ ಆರಿದಮ್ಯಾಲೆ ಇನ್ನೊಂದು, ಪ್ರತಿ ಸಲ ಒಂದೂವರಿ ತಿಂಗಳ ತಲಿಮ್ಯಾಲೆ ನೀರ ಹಾಕ್ಕೊಳ್ಳೂ ಹಂಗಿಲ್ಲ, ಒಲಿ ಮುಂದ ಹೋಗೂ ಹಂಗಿಲ್ಲ ಅಂತ. ಮನ್ಯಾಗ ಯಾರಿಗೂ ಹೇಳಿಲ್ಲ. ಮಗಾ ಜಿನೇಂದ್ರಗೂ ಇಲ್ಲ.

ಯಾಕಂದ್ರ ಈ ಸಲ ನಮ್ಮೂರಾಗ ಮುನಿ ಮಹಾರಾಜರ ಚಾತುರ್ಮಾಸ ಐತಿ. ದೀಪಾವಳಿ ತನಕಾ ಇಲ್ಲೇ ಇರ್ತಾರ. ನೀ ಬಾಮಣರಾಕಿ, ನಿನಗ ಪೂರ್ತಿ ಗೊತ್ತಿರಾಕಿಲ್ಲ. ಮಹಾರಾಜರು ದಿನಕ್ಕ ಒಂದ ಸಲ, ನಿಂತಗೊಂಡು, ತಮ್ಮ ಬೊಗಸ್ಯಾಗ ಉಣ್ಣತಾರ. ನೀರೂ ಆವಾಗ ಕುಡದಷ್ಟೆ. ಆ ಅಡಗಿ ಮಾಡೂ ಜಾಗಾಕ್ಕ ಚೌಕಾ ಅಂತೀವಿ. ತಲಿ ಮ್ಯಾಲೆ ನೀರ ಹಾಕ್ಕೊಂಡು ಸೋವಳೆ ಅಂದ್ರ ಮಡಿ ಉಟ್ಟವರಷ್ಟೆ ಚೌಕಾದಾಗ ಬರಬೇಕು. ತುತ್ತಿನ್ಯಾಗ ಒಂದ ಹುಳಾ, ಒಂದ ಕೂದಲಾ ಬಂದ್ರ ಮುಗೀತು, ಅಂತರಾಯ ಆತು ಅಂತ ಬೊಗಸಿ ಬಿಟ್ಟು ಕುಂತ ಬಿಡ್ತಾರ. ಮರದಿನದ ತನಕಾ ಅನ್ನಾನೂ ಇಲ್ಲ, ನೀರೂ ಇಲ್ಲ. ಅದಕ್ಕ ಪ್ರತಿ ತುತ್ತೂ ಕೊಡೂಕಿಂತ ಮುಂಚೆ ತಾಟಿನ್ಯಾಗ ಹರವಿ ಬೆಳಕಿಗೆ ಹಿಡದು ಶೋಧಸ್ಬೇಕು. ಆ ಕೆಲಸಾ ನಮ್ಮ ಮನ್ಯಾಗ ಹಿರೇ ಹೆಣಮಗಳದು. ನಮ್ಮತ್ತಿ ಮಾಡತಿದ್ರು, ಅವರು ಹೋದಮ್ಯಾಲೆ ನಾನು. ಇಷ್ಟ ವರ್ಷದಾಗ ನನ್ನ ತಾಟಿನ್ಯಾಗ ಒಂದ ಸಲಾನೂ ಅಂತರಾಯ ಆಗಿಲ್ಲ. ಊರಾಗ ಬಾಳವ್ವನ ಕಣ್ಣು ಅಂದ್ರ ಒಂದ ಹೆಸರ ಐತಿ.

ಈಗ ಆಪರೇಶನ್ ಮಾಡಿಸಿದ್ರ ಈ ಚಾತುರ್ಮಾಸ ಹೋತು. ಮುಂದಿಂದ ಯಾರ ಕಂಡಾರ? ರೊಟ್ಟಿ ಬಡಿಯೂದು ಸೊಸಿ ತೊಗೊಂಡ್ಲು, ಕೀಲಿ ತೊಗೊಂಡ್ಲು, ಛಲೋನ ಆತು. ಆ ತಾಟೂ ಹೋದ್ರ ನಾ ಈ ಮನ್ಯಾಗ ಯಾಕ ಇರಬೇಕು ಹೇಳು. ದೀಪಾವಳಿ ಆಗಲಿ, ಆಮ್ಯಾಲೆ ನೋಡೂಣು. ಬಲಗಣ್ಣು ಅಷ್ಟ ಮಂಜು, ಎಡಗಣ್ಣು ಛಲೋ ಐತಿ.

ಯಾರ ಮುಂದೂ ಅನಬ್ಯಾಡ.

ಬಾಳವ್ವ

*

ಜಮಖಂಡಿ
೧೪ ಜುಲೈ ೨೦೨೪

ಬಾಳಿ,

ಎಡಗಣ್ಣು ಛಲೋ ಅದ ಅಂತ ಬರದಿ. ಆ ಸಾಲು ಎಲ್ಲಿಂದ ಸುರು ಆಗಿ ಎಲ್ಲಿಗೆ ಮುಗದದ ನೋಡೀ ಏನು? ಕಾಗದದ ಬಲಗಡೆ ಹೋಗೂದರೊಳಗ ಕೆಳಗಿನ ಸಾಲಿನ ಮ್ಯಾಲೆ ಹತ್ತಿ ಕೂತದ. ಮೂವತ್ತು ವರ್ಷ ಹುಡುಗರ ಕಾಪಿ ತಿದ್ದಿದಾಕಿ ನಾನು, ನನಗ ಮೋಸಾ ಮಾಡಬ್ಯಾಡ.

ಸಿಟ್ಟು ಬಂದದ ನನಗ. ಮಹಾರಾಜರು ದೊಡ್ಡವರು, ಅವರ ಊಟಾ ದೊಡ್ಡದು, ಖರೆ. ಆದರ ಕಾಣದಾಕಿ ಕಾಣೂ ಕೆಲಸಕ್ಕ ಕೂಡಬಾರದು. ಜಿನೇಂದ್ರಗ ಹೇಳು. ಇಲ್ಲಂದರ ನಾ ಬಂದು ಹೇಳ್ತೇನಿ, ಓಣಿ ತುಂಬ ಕೇಳೂಹಂಗ ಹೇಳ್ತೇನಿ. ನನಗ ಸಣ್ಣ ಧ್ವನಿಯೊಳಗ ಮಾತಾಡ್ಲಿಕ್ಕೆ ಬರೂದಿಲ್ಲ ಈಗ.

ಹೋದ ಸೋಮವಾರ ರಾಮತೀರ್ಥಕ್ಕ ಹೋಗಿದ್ದೆ. ಗುಡ್ಡದ ಬುಡಕ್ಕ ನಿಂತು ಮ್ಯಾಲೆ ನೋಡಿದೆ. ಸಾಲಿ ಬಿಟ್ಟ ಕೂಡಲೇ ನಾವಿಬ್ಬರೂ ಪಾಟಿಚೀಲಾ ಬಗಲಾಗ ಒತ್ತಿಕೊಂಡು ಒಂದೇ ಉಸಿರಿಗೆ ಏರ್ತಿದ್ದೆವು, ನೀ ಯಾವಾಗಲೂ ಮುಂದ. ಸಂಜಿಗೆ ನಮ್ಮೆರಡು ಮನಿ ನಡುವಿನ ಗೋಡಿ ಮ್ಯಾಲೆ ಕೂತು ನೀ ಸೂರ್ಯಾ ಮುಳುಗೂಕಿಂತ ಮುಂಚೆ ಉಣ್ಣಲಿಕ್ಕೆ ಓಡ್ತಿದ್ದಿ, ನಾ ಒಬ್ಬಾಕಿನ ಉಳೀತಿದ್ದೆ. ಮೊನ್ನೆ ಬುಡದಾಗ ಒಂದು ಚಹಾ ಕುಡದು ಹೊಳ್ಳಿ ಬಂದೆ. ಮ್ಯಾಲೆ ಏನದ ನನಗ ಗೊತ್ತದ ಅಂತ ಸಮಾಧಾನ ಮಾಡಿಕೊಂಡೆ.

ಈ ಊರು ಮೊದಲಿನಂಗ ಇಲ್ಲ ಬಾಳಿ. ಭಾಳ ತಣ್ಣಗ ಆಗೇದ. ನಮ್ಮ ಮನಿನೂ ಹಂಗ. ನಮ್ಮವರು ಪೇಪರ್ ಹಿಡಕೊಂಡು ಒಂದು ಕಡೆ, ನಾ ಒಂದು ಕಡೆ. ವಯಸ್ಸಾದ ಮ್ಯಾಲೆ ಗಂಡಸರಿಗೆ ಮಾತು ಮುಗದು ಹೋಗ್ತಾವೋ ಏನೋ.

ಕಣ್ಣು ತೋರಿಸು. ಇದು ಹುಕುಂ.

ಅಲಕಾ

*

ತೇರದಾಳ
೧೯ ಆಗಸ್ಟ್ ೨೦೨೪

ಅಲಕಾ,

ಭಾಳ ಬರಿಯೂ ಮನಸಿಲ್ಲ. ಕೆಟ್ಟ ಆಗೇತಿ.

ಮೊನ್ನಿ ಮಹಾರಾಜರು ನಮ್ಮ ಮನಿಗೆ ಬಂದಿದ್ರು. ಹಿಂದಿನ ದಿನಾ ಅವರದು ಉಪವಾಸ. ವಯಸ್ಸಾದ ಜೀವ, ಕಾಲ ನಡಗತಿದ್ವು. ನಾನೂ ಯಶೋಧರಾನೂ ಆಜೂಬಾಜೂ ಕುಂತು ಶೋಧಸಾಕತ್ತಿದ್ವಿ. ಆಕಿ ಎದ್ದು ತುತ್ತು ಇಡತಿದ್ಲು. ಇನ್ನ ನಾಕ ತುತ್ತು ತೊಗೊಂಡಿರಲಿಲ್ಲ, ಅನ್ನದಾಗ ಕೂದಲಾ ಬಂತು. ಬೊಗಸಿ ಬಿಚ್ಚಿದ್ರು. ಅನ್ನಾ ನೆಲಕ್ಕ ಬಿತ್ತು. ಕುಂತ್ರು. ಒಂಚೂರು ಸಿಟ್ಟಿಲ್ಲ ಮಾರಿಮ್ಯಾಲೆ. ಎದ್ದು ಬಸ್ತಿಗೆ ಹೋದ್ರು. ನೀರ ಸೈತ ಮುಟ್ಟಲಿಲ್ಲ.

ಯಾರ ತಾಟು ಅಂತ ಜನಾ ಕೇಳಿತು. ಯಶೋಧರಾ, ತಾಟು ನಂದ್ರಿ, ಕೂದಲಾನೂ ನಂದ್ರಿ ಅಂದ್ಲು. ಬಾಜೂ ಮನಿ ರಾಜಶ್ರೀ ಎಲ್ಲಾರ ಮುಂದ, "ಈಗಿನ ಹುಡುಗ್ಯಾರಿಗೆ ತುರುಬ ಕಟ್ಟಂದ್ರ ಅವಮಾನ, ಹಿರೇ ಬಾಳವ್ವ ಇಷ್ಟ ವರ್ಷ ಗಳಿಸಿದ ಹೆಸರ ಒಂದ ದಿನದಾಗ ಹೋತು" ಅಂದ್ಲು. ಅವತ್ತಿಂದ ಯಶೋಧರಾ ಚೌಕಾಕ್ಕ ಬಂದಿಲ್ಲ, ಹಿತ್ತಲದಾಗ ಭಾಂಡೆ ತಿಕ್ಕತಾಳ.

ಹೊಳಿ ತುಂಬಿ ಬಂದೈತಿ ಅಂತಾರ. ನಿಮ್ಮ ಕಡೆ ಹೆಂಗೈತಿ?

ಬಾಳವ್ವ

*

ಜಮಖಂಡಿ
೨೭ ಆಗಸ್ಟ್ ೨೦೨೪

ಬಾಳಿ,

ನಿನ್ನ ಕಾಗದ ಓದಿದೆ. ನಿನ್ನ ಮಾರಿ ಹೆಂಗಾಗಿರಬೇಕು ಅಂತ ಅದನ್ನ ನೆನಸ್ಲಿಕ್ಕತ್ತೇನಿ. ಇಷ್ಟು ವರ್ಷದ ನಿನ್ನ ನೇಮ, ನಿನ್ನ ಹೆಸರು, ಆಕಿ ಒಂದು ಕೂದಲದಿಂದ ಹಾಳು ಮಾಡಿದಳಲ್ಲಾ.

ನಿನಗ ಸಿಟ್ಟು ಬಂದರೂ ಹೇಳ್ತೇನಿ. ಈಗಿನವರಿಗೆ ಯಾವುದಕ್ಕೂ ಲಕ್ಷ್ಯ ಇಲ್ಲ. ಸ್ನಾನಾ ಮಾಡೂ ಮುಂದ ಫೋನು, ಕಾಯಿಪಲ್ಲೆ ಹೆಚ್ಚೂ ಮುಂದ ಫೋನು. ನಮ್ಮ ಕಾಲದೊಳಗ ದೇವರ ಅಡಗಿ ಅಂದರ ಹೆಂಗ ಅಂಜತಿದ್ದೆವು! ನಿನ್ನ ಸೊಸಿಗೆ ಸ್ವಲ್ಪ ಬಿಗದು ಹೇಳು. ನೀ ಆಕಿಗೆ ಮೊದಲಿಂದ ಭಾಳ ಸಲಗಿ ಕೊಟ್ಟಿ.

ಒಂದು ಸಮಾಧಾನ. ಆಕಿ ತಪ್ಪು ತಾನಾಗೇ ಒಪ್ಪಿಕೊಂಡಳು. ಅಷ್ಟಾದರೂ ಅದ ಆಕಿ ಹತ್ರ.

ಹೊಳಿ ನೀರು ತುಬಚಿ ಕಡೆ ಹೊಲದೊಳಗ ಬಂದದ ಅಂತ, ನಮಗೇನೂ ತ್ರಾಸಿಲ್ಲ. ನಿನ್ನ ಕಣ್ಣಿನ ಮಾತು ಏನಾತು? ಆ ಕಾಗದದೊಳಗ ಅದರ ಸುದ್ದಿನ ಇಲ್ಲ.

ನಿನ್ನ
ಅಲಕಾ

*

ತೇರದಾಳ
೨೨ ಸೆಪ್ಟೆಂಬರ್ ೨೦೨೪

ಅಲಕಾ,

ಯಶೋಧರಾಗ ಏನೂ ಅನಬ್ಯಾಡ. ನಾ ನಿನಗ ಸುಳ್ಳ ಬರದೆ.

ಅನ್ನದ ತಾಟು ನನ್ನದಿತ್ತು. ಯಶೋಧರಾನ ಮುಂದ ಇದ್ದದ್ದು ಹಣ್ಣಿನ ತಾಟು. ಅನ್ನಾ ತುಪ್ಪಾ ನಾ ಶೋಧಿಸಿ ಕೊಟ್ಟೆ, ಆಕಿ ಬೊಗಸ್ಯಾಗ ಇಟ್ಲು. ಅಂತರಾಯ ಆದಮ್ಯಾಲೆ ಆಕಿ ಬಗ್ಗಿ ನೆಲದ ಮ್ಯಾಲಿನ ಅನ್ನಾ ಬಳಿಯೂ ಮುಂದ ಕೂದಲಾ ತಗದು ಮುಷ್ಟ್ಯಾಗ ಮುಚ್ಚಿಕೊಂಡ್ಲು. ನನಗ ಕಾಣಲಿಲ್ಲ, ಆದ್ರ ಆಕಿ ಯಾಕ ಮುಚ್ಚಿಕೊಂಡ್ಲು ಗೊತ್ತಾತು. ಬೆಳ್ಳಗಿನ ಕೂದಲಾ ನಮ್ಮ ಮನ್ಯಾಗ ನಂದೊಂದ ತಲ್ಯಾಗ ಅದಾವ. ಆಮ್ಯಾಲೆ ಎದ್ದು ನಿಂತು, ತಾಟು ನಂದ್ರಿ ಅಂದ್ಲು. ರಾಜಶ್ರೀ ನನ್ನ ಹೆಸರ ಹೊಗಳಾಕತ್ಲು. ಆ ಹೊಗಳಿಕಿ ಒಳಗ ನಾ ಕುಂತ ಬಿಟ್ಟೆ.

ಮರದಿನ ಹೇಳೂಣು ಅಂದೆ. ಮರದಿನ ಆತು, ವಾರ ಆತು. ಒಂದೊಂದ ದಿನಾ ಹೋದಂಗ ಮಾತು ಗಟ್ಟಿ ಆಕ್ಕೋತ ಬಂತು.

ಮೊನ್ನಿ ನಮ್ಮ ದಶಲಕ್ಷಣ ಪರ್ವ ಮುಗದು ಕ್ಷಮಾವಣಿ ಇತ್ತು. ಆ ದಿನಾ ಎಲ್ಲಾರೂ ಎಲ್ಲಾರಿಗೂ ಕೈ ಮುಗದು, ತಿಳದು ತಿಳೀದ ಮಾಡಿದ ತಪ್ಪಿಗೆ ಕ್ಷಮಾ ಮಾಡ್ರಿ ಅಂತೀವಿ. ಸಣ್ಣವರಿಗೆ ದೊಡ್ಡವರೂ ಅನಬೇಕು. ಯಶೋಧರಾ ಬಂದ್ಲು. ನನ್ನ ಕಾಲ ಮುಟ್ಟಿ ಕ್ಷಮಾ ಮಾಡ್ರಿ ಅತ್ತಿ ಅಂದ್ಲು. ಓಣಿ ಹೆಂಗಸರು ನೋಡಾಕತ್ತಿದ್ರು. ನಾ ಏನಂದೆ ಗೊತ್ತೈತೇನು? ಕ್ಷಮಾ ಮಾಡೇನವಾ ಅಂದೆ. ಆಕಿಗೆ ನಾ ಕ್ಷಮಾ ಮಾಡಿದೆ! ನಾ ಕೇಳೂದು ಬಿಟ್ಟೆ. ರಾಜಶ್ರೀ, ದೊಡ್ಡ ಮನಸಿನಾಕಿ ಬಾಳವ್ವಕ್ಕ ಅಂದ್ಲು.

ಇನ್ನೊಂದು ನಿನಗ ಗೊತ್ತಿರಬೇಕು. ಮಹಾರಾಜರನ್ನ ಬಾಗಲದಿಂದ ಒಳಗ ಕರಕೊಳ್ಳೂ ಮುಂದ ಕರಿಯಾಕಿ ಬಾಯಿಬಿಟ್ಟು ಹೇಳಬೇಕು: ನನ್ನ ಮನಸು ಶುದ್ಧ ಐತಿ, ವಚನ ಶುದ್ಧ ಐತಿ, ಕಾಯಾ ಶುದ್ಧ ಐತಿ, ಅನ್ನ ನೀರು ಶುದ್ಧ ಅದಾವ ಅಂತ. ಆಕಿ ಚೌಕಾಕ್ಕ ಯಾಕ ಬರವಲ್ಲಳು ಅಂತ ನನಗ ಈಗ ತಿಳೀತು. ಮಂದಿ ಮಾತಿಗಲ್ಲ. ನನ್ನ ಸಲವಾಗಿ ಸುಳ್ಳ ಹೇಳಿದ ಬಾಯಿಲೆ ವಚನ ಶುದ್ಧ ಐತಿ ಅನ್ನಾಕ ಆಕಿಗೆ ಬರವಲ್ದು. ಕೇಳಿದ್ರ ತಲಿ ನೋಯ್ತೈತ್ರಿ ಅಂತಾಳ. ನನಗ ನೋಡು, ದಿನಾ ಬಾಗಲಾಗ ನಿಂತು ಅಂತೇನಿ. ನಾಲಗಿ ಒಮ್ಮೆನೂ ತಡವರಿಸಿಲ್ಲ.

ಆಕಿ ಲಗ್ನ ಆಗಿ ಬಂದಾಗಿಂದ ಈ ಚಾತುರ್ಮಾಸದ ದಾರಿ ಕಾಯಾಕತ್ತಿದ್ಲು ಅಲಕಾ. ಅದನ್ನ ಆಕಿ ಕೈಯಿಂದ ನಾ ಕಸಗೊಂಡೇನಿ. ದೀಪಾವಳಿಗೆ ಮಹಾರಾಜರು ಹೊಂಟ ಹೋಗ್ತಾರ. ಹೇಳಿದ್ರ ನಂದೇನ ಉಳೀತೈತಿ? ಹೇಳದಿದ್ರ ಆಕಿದೇನ ಉಳೀತೈತಿ? ನನಗೇನೂ ತಿಳೀವಲ್ದು. ತಿಳೀತೈತಿ, ಧೈರ್ಯಾ ಇಲ್ಲ.

ಬಾಳವ್ವ

*

ಜಮಖಂಡಿ
೩ ಅಕ್ಟೋಬರ್ ೨೦೨೪

ಬಾಳಿ,

ನಿನ್ನ ಕಾಗದ ಓದಿದ ಮ್ಯಾಲೆ ನನಗ ನನ್ನ ಮ್ಯಾಲೆ ನಾಚಿಕಿ ಬಂತು. ಆ ಹುಡುಗಿಗೆ ನಾ ಏನೇನ ಅಂದೆ! ಆಕಿ ಮಾರಿ ಸೈತ ಸರಿಯಾಗಿ ನೋಡಿಲ್ಲ ನಾನು, ಫೋನು ಹಿಡಕೊಂಡು ತಿರಗತಾಳ ಅಂದೆ. ಮುದುಕ್ಯಾರಿಗೆ ಇದೊಂದು ರೋಗ, ಏನ ಕೆಟ್ಟರೂ ಸಣ್ಣವರದ್ದು ತಪ್ಪು.

ನಿನಗ ಬುದ್ಧಿ ಹೇಳಲಿಕ್ಕೆ ಪೆನ್ನು ಹಿಡದೆ. ಬರೀಲಿಕ್ಕೆ ಆಗಲಿಲ್ಲ. ಎದ್ದು ಹೋಗಿ ಕಪಾಟು ತಗದು ಕಿವಿ ಮಶೀನ ಹಾಕಿಕೊಂಡೆ. ಮೊದಲ ಗಿಂವ್ ಅಂತು. ಆಮ್ಯಾಲೆ ಪಡಸಾಲಿಯೊಳಗಿಂದ ಧ್ವನಿ ಬಂತು. ನಮ್ಮವರು ಮಾತಾಡ್ಲಿಕ್ಕತ್ತಿದ್ದರು. ಯಾರಾದರೂ ಬಂದಾರೋ ಅಂತ ಹೋಗಿ ನೋಡಿದರ ಯಾರೂ ಇಲ್ಲ. ಪೇಪರ್ ಓದಿ, ಇದು ನೋಡು, ಹಿಂಗಾಗೇದ, ಅಂತ ಖಾಲಿ ಕುರ್ಚಿಗೆ ಹೇಳಲಿಕ್ಕತ್ತಾರ. ನಾ ಕೂಡೂ ಕುರ್ಚಿ ಅದು.

ನನ್ನ ಕೂಡ ಯಾಕ ಮಾತಾಡೂದಿಲ್ಲ ನೀವು ಅಂದೆ. ಅಂಜಿ ಎದ್ದು ನಿಂತರು. ಆಮ್ಯಾಲೆ ಹೇಳಿದರು, "ಒಂದ ಮಾತು ಮೂರು ಸಲ ಒದರಿದರ ಪ್ರೀತಿ ಮಾತೂ ಜಗಳದಂಗ ಕೇಳಸ್ತದ ಅಲಕಾ. ಅದಕ್ಕ ಬಿಟ್ಟೆ."

ಊರು ತಣ್ಣಗ ಆಗೇದ ಅಂತ ನಿನಗ ಬರದಿದ್ದೆ. ಊರಿಗೇನಾಗಿಲ್ಲ. ನನ್ನ ಹಟದ ಸಲುವಾಗಿ ಒಬ್ಬ ಮನುಷ್ಯಾ ಮಾತು ಬಿಟ್ಟು ಕೂತಿದ್ದ.

ಅದಕ್ಕ ಈಗ ಹೇಳ್ತೇನಿ, ಗೆಳತಿ ಅಂತ ಹೇಳ್ತೇನಿ. ನಮ್ಮ ಕಣ್ಣು ಕಿವಿ ಹೋದರ ಅದು ನಮ್ಮ ತಪ್ಪಲ್ಲ. ಹೋಗಿಲ್ಲ ಅಂತ ಕೂತರ ಅದರ ಭಾರ ಬಾಜೂದವರ ತಲಿ ಮ್ಯಾಲೆ ಬೀಳ್ತದ. ಹೇಳು ಬಾಳಿ. ಒಳಗ ಕೋಣಿಯೊಳಗ ಕುಂತು ಪಿಸುಗುಟ್ಟಬ್ಯಾಡ. ಆಕಿ ಮಾನ ಎಲ್ಲಿ ಹೋತೋ ಅಲ್ಲೇ ಹೇಳು. ದೀಪಾವಳಿ ದೂರ ಇಲ್ಲ.

ಅಲಕಾ

*

ತೇರದಾಳ
೧೭ ನವೆಂಬರ್ ೨೦೨೪

ಅಲಕಾ,

ಸಾಲು ನೆಟ್ಟಗ ಅದಾವಲ್ಲಾ ಅಂತ ಹೌಹಾರಬ್ಯಾಡ. ಮಾತು ನಂದು, ಕೈ ಯಶೋಧರಾಂದು. ಮಿರಜಿಗೆ ಹೋಗಿ ಬಲಗಣ್ಣು ಮಾಡಿಸಿಕೊಂಡು ಬಂದೇನಿ, ಬರಿಯೂದು ಓದೂದು ಸದ್ಯಕ್ಕ ಬಂದ್. ನಾ ಅಂದದ್ದೆಲ್ಲಾ ಬಿಡದ ಬರೀಬೇಕಂತ ಆಕಿ ಕೂಡ ಕರಾರ ಮಾಡ್ಕೊಂಡ ಕುಂತೇನಿ.

ದೀಪಾವಳಿಗೆ ಇನ್ನ ನಾಕೈದ ದಿನಾ ಇತ್ತು. ಆ ಮುಂಜಾನಿ ನಾ ಸೋವಳೆ ಉಟ್ಟು, ಕಳಸಾ ತೊಗೊಂಡು, ಬಾಗಲಕ್ಕ ಹೋಗೂದು ಬಿಟ್ಟು ಹಿತ್ತಲಕ್ಕ ಹೋದೆ. ಯಶೋಧರಾ ಭಾಂಡೆ ತಿಕ್ಕಾಕತ್ತಿದ್ಲು. ಏಳು, ತಲಿಮ್ಯಾಲೆ ನೀರ ಹಾಕ್ಕೊಂಡು ಸೋವಳೆ ಉಟ್ಟ ಬಾ ಅಂದೆ. ತಲಿ ನೋಯ್ತೈತ್ರಿ ಅಂದ್ಲು. ಇನ್ನ ನೋಯಂಗಿಲ್ಲ, ಬಾ ಅಂದೆ.

ಓಣ್ಯಾಗ ಎಲ್ಲಾರೂ ತಮ್ಮ ತಮ್ಮ ಬಾಗಲಾ ಮುಂದ ಕಳಸಾ ಹಿಡದು ನಿಂತಿದ್ರು. ಮಹಾರಾಜರು ಯಾರ ಮನಿ ಮುಂದ ನಿಲ್ಲತಾರೋ ಯಾರಿಗೂ ಗೊತ್ತಿರಂಗಿಲ್ಲ. ನಾ ನಮ್ಮ ಕಳಸಾ ಯಶೋಧರಾನ ಕೈಯಾಗ ಇಟ್ಟೆ. ರಾಜಶ್ರೀ ಒದರಿದ್ಲು, "ಬಾಳವ್ವಕ್ಕಾ, ಮತ್ತ ಆಕಿ ಕೈಯಾಗ್ರಿ?"

ಹೌದು, ಆಕಿ ಕೈಯಾಗ, ಅಂದೆ. ಅವತ್ತ ಅನ್ನದ ತಾಟು ನಂದಿತ್ತು. ಕೂದಲಾ ನಂದು. ನನಗ ಕಣ್ಣ ಕಾಣಂಗಿಲ್ಲ, ಮಳಿಗಾಲ ಹಿಡಿಯೂ ಮುಂಚಿಂದ ಕಾಣಂಗಿಲ್ಲ. ಈ ಹುಡುಗಿ ನನ್ನ ಮಾನ ಕಾಯಾಕ ಸುಳ್ಳ ಹೇಳಿದ್ಲು, ನಾ ಹೇಳಸ್ಗೊಂಡು ಸುಮ್ನ ಕುಂತೆ. ಕ್ಷಮಾ ನಾ ಕೇಳಬೇಕಿತ್ತು, ಈಗ ಕೇಳತೇನಿ ಅಂತ ಓಣಿ ನಡುವ ಸೊಸಿಗೆ ಕೈ ಮುಗದೆ. ಜಿನೇಂದ್ರ "ಅವ್ವಾ, ಈಗ್ಯಾಕ, ಮಹಾರಾಜರು ಬಸ್ತಿ ಬಿಟ್ಟಾರ" ಅನ್ನಾಕತ್ತ. ಈಗ ಅಲ್ಲಂದ್ರ ನನ್ನ ಕೈಲೆ ಆಗಂಗಿಲ್ಲಪಾ ಅಂದೆ. ನಾ ಓಣಿ ದಾಟಿ ಎದರ ಮನಿ ಕಟ್ಟಿಮ್ಯಾಲೆ ಹೋಗಿ ಕುಂತೆ. ಆ ದಿನಾ ನನಗ ಚೌಕಾದಾಗ ಜಾಗಾ ಇರಲಿಲ್ಲ.

ಮಹಾರಾಜರು ಬಂದ್ರು. ನಮ್ಮ ಬಾಗಲಕ್ಕ ನಿಂತ್ರು. ಖರೆ ಹೇಳಿದ್ದಕ್ಕ ನಿಂತ್ರು ಅಂತ ರಾಜಶ್ರೀ ಈಗ ಊರೆಲ್ಲಾ ಹೇಳ್ಕೋತ ತಿರಗತಾಳ. ಅವರ ಮನಸಿನ್ಯಾಗ ಏನಿತ್ತೋ ಅವರಿಗೇ ಗೊತ್ತು. ನನಗ ಬಿಳೀ ಮಂಜು ಬಿಟ್ಟರ ಏನೂ ಕಾಣಲಿಲ್ಲ. ಯಶೋಧರಾನ ಧ್ವನಿ ಕೇಳಿಸ್ತು. ಮನಸು, ವಚನ, ಕಾಯಾ, ಎಲ್ಲಾ ಒಂದ ದಮ್ಮಿಗೆ ಅಂದ್ಲು. ಒಳಗ ಕರಕೊಂಡು ಹೋದ್ಲು.

ಅಲ್ಲಿಂದ ಮುಂದ ನಾ ಕುಂತ ಕುಂಡ್ರೂಣಿಕಿ ಏನ ಹೇಳಲಿ. ಇಷ್ಟ ವರ್ಷ ಒಳಗ ತಾಟು ಹಿಡದು ಕುಂತಾಕಿ, ಹೊರಗ ಕಿವಿ ಕೊಟ್ಟು ಕುಂತೆ. ಒಳಗ ಒಂದ ಚಮಚಾ ಬಿದ್ದರೂ ಅಂತರಾಯ ಆತೇನೋ ಅಂತ ಅರ್ಧಾ ಏಳತಿದ್ದೆ. ಆಮ್ಯಾಲೆ ಒಳಗಿನ ಮಂದಿ ಎಲ್ಲಾ ಕೂಡಿ ಜೈ ಅಂದ್ರು. ನಿರಂತರಾಯ ಆಹಾರ ಆತು ಅಂತ ಜಿನೇಂದ್ರ ಹೊರಗ ಬಂದು ಹೇಳಿದ. ನಾ ಸೆರಗ ಬಾಯಿಗೆ ಒತ್ತಿಕೊಂಡು ಅತ್ತೆ.

ಜನಾ ಕರಗಿದಮ್ಯಾಲೆ ಯಶೋಧರಾ ನನ್ನ ಕಡೆ ಬಂದ್ಲು. ಎರಡ ಛಲೋ ಮಾತು ಅಂತಾಳ ಅಂತ ನಾ ಕುಂತಿದ್ದೆ. ಆಕಿ ಅಂದದ್ದು ಇದು:

"ನೀವು ಅವತ್ತ ಸಂಜಿಕ ಹೇಳತೀರಿ ಅಂತ ಕಾಯ್ದೇನ್ರಿ ಅತ್ತಿ. ಮರದಿನ ಹೇಳತೀರಿ ಅಂತ ಕಾಯ್ದೆ. ನಾ ಸುಳ್ಳ ಹೇಳಿದ್ದು ಮಂದಿ ಮುಂದ ನಿಮ್ಮ ಮಾನ ಹೋಗಬಾರದಂತ, ಒಂದ ಗಳಿಗಿ ಮಟ್ಟಿಗೆ. ನೀವು ಅದನ್ನ ಇಟ್ಟಗೊಂಡ ಬಿಟ್ರಿ. ಇಷ್ಟ ದಿನಾ ಬೇಕಾತೇನ್ರಿ ನಿಮಗ?"

ಇಲ್ಲೆ ಪೆನ್ನ ನಿಲ್ಲಿಸ್ಯಾಳ. ಬರಿಯವ್ವಾ, ನೀ ಅಂದದ್ದ ಅಲ್ಲೇನು, ಬರಿ.

ಬೇಕಾತವ್ವಾ ಅಂದೆ. ಏಳಾಕ ಹೋದೆ. ಬಿಸಲು ಮಾರಿಗೆ ಹೊಡೀತಿತ್ತು, ಕಟ್ಟಿ ಎಲ್ಲಿ ಮುಗೀತೈತಿ, ಓಣಿ ಎಲ್ಲಿ ಸುರು ಆಗತೈತಿ ಒಂದೂ ತಿಳೀಲಿಲ್ಲ. ಮೊದಲ ಆಗಿದ್ರ ಯಾರಿಗೂ ಗೊತ್ತಾಗದಂಗ ಕಾಲಿಲೆ ತಡಕಾಡಿ ಇಳೀತಿದ್ದೆ. ಆ ದಿನಾ, ಯಶೋಧರಾ, ನನಗ ಕಾಣವಲ್ದು, ಇಳಸವಾ, ಅಂದೆ. ಆಕಿ ಸಿಟ್ಟು ಇಳದಿರಲಿಲ್ಲ. ಕೈ ಹಿಡದು ಇಳಿಸಿ ಮನಿಗೆ ಕರಕೊಂಡ ಬಂದ್ಲು.

ನಿಮ್ಮ ಮನಿಯವರಿಗೆ ನನ್ನ ನಮಸ್ಕಾರ ಹೇಳು. ಈಗ ಫೋನ್ ಮಾಡಿದ್ರ ಕೇಳಸ್ತೈತೇನು?

ಬಾಳವ್ವ

ಅಲಕಾ ಮಾವಶಿಯವರಿಗೆ ಜಯ ಜಿನೇಂದ್ರ. ಈ ಕಡೀ ನಾಕ ಸಾಲು ನನ್ನವು, ಅತ್ತಿಗೆ ಓದಿ ಹೇಳಿಲ್ಲ. ನನ್ನ ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲರಿ. ದಿನಾ ಅವರ ಕಣ್ಣಿಗೆ ಔಷಧದ ಹನಿ ನಾನ ಹಾಕತೇನಿ. ಹಾಕೂತನಕಾ ಅವರು ನನ್ನ ಸೆರಗ ಹಿಡಕೊಂಡಿರತಾರ, ಹಾಕಿದಮ್ಯಾಲೂ ಬಿಡಂಗಿಲ್ಲ. ಬಿಡಸ್ಗೊಳ್ಳಾಕ ನನಗೂ ಮನಸ ಆಗಂಗಿಲ್ಲ.

ಯಶೋಧರಾ